ಒಂದೇ ಮಟ್ಟ, ಎರಡು ಆಟ: ತಂತ್ರಜ್ಞಾನದ ಕೊಡುಕೊಳ್ಳುವಿಕೆ ಕಠಿಣತೆಯನ್ನು ಕೆಡಿಸಿದ ಪ್ರಕರಣ

ನಾವು ನಾಲ್ವರು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಬಾಹ್ಯಾಕಾಶ ಸ್ಟ್ರಾಟಜಿ ಆಟದ ಬಗ್ಗೆ ಒಂದೇ ವಾರದಲ್ಲಿ ಎರಡು ದೂರುಗಳು ಬಂದವು. ದೂರಿದವರಿಬ್ಬರೂ ನಮಗಾಗಿ ಆಟವನ್ನು ಪರೀಕ್ಷಿಸಿ ನೋಡುವವರು. ಇಬ್ಬರೂ ಆಡಿದ್ದು ಒಂದೇ ಆವೃತ್ತಿ, ಒಂದೇ ‘ಕಠಿಣ’ ಮಟ್ಟ, ಆರು ಸಾಮ್ರಾಜ್ಯಗಳ ಒಂದೇ ಗಾತ್ರದ ಗ್ಯಾಲಕ್ಸಿ. “ಇದಕ್ಕೆ ಕಠಿಣ ಎಂದು ಹೆಸರಿಟ್ಟಿದ್ದೇಕೆ? 120ನೇ ಸರದಿಯ ಹೊತ್ತಿಗೆ ನನ್ನನ್ನು ತಡೆಯುವವರೇ ಇರಲಿಲ್ಲ” ಎಂದು ಮೊದಲನೆಯವರು ಬರೆದಿದ್ದರು. ಎರಡನೆಯವರ ಮಾತು ಹೀಗಿತ್ತು: “120ನೇ ಸರದಿಯಲ್ಲಿ ನನ್ನ ಲೇಸರ್ ನೌಕೆಗಳ ಎದುರಿಗೆ ಬಂದದ್ದು ನಾನು ಹೆಸರನ್ನೂ ಕೇಳಿರದ ಆಯುಧಗಳು. ನಾನು ಎಲ್ಲಿ ತಪ್ಪಿದೆ ಎಂದು ದಯವಿಟ್ಟು ತಿಳಿಸಿ.”

ಎರಡನೆಯ ಪತ್ರ ನನ್ನನ್ನು ಬಹಳ ದಿನ ಕಾಡಿತು. ಅವರ ಸೇವ್ ಫೈಲ್ ತೆರೆದು ಮೊದಲ ಸರದಿಯಿಂದ ನೋಡುತ್ತಾ ಹೋದೆ. ವಸಾಹತುಗಳನ್ನು ಸರಿಯಾದ ಹೊತ್ತಿಗೆ ಕಳಿಸಿದ್ದರು, ಪ್ರಯೋಗಾಲಯಗಳನ್ನು ಕಟ್ಟಿದ್ದರು, ಒಂದು ಸರದಿಯನ್ನೂ ವ್ಯರ್ಥ ಮಾಡಿರಲಿಲ್ಲ. ಅವರು ಎಲ್ಲಿಯೂ ತಪ್ಪಿರಲಿಲ್ಲ. ಚೆನ್ನಾಗಿ ಆಡಿದವರನ್ನು ಕಾರಣ ಹೇಳದೆ ಸೋಲಿಸುವ ಆಟದಲ್ಲಿ ದೋಷವಿದೆ ಎಂದೇ ನಾನು ನಂಬುತ್ತೇನೆ. ಆ ದೋಷವನ್ನು ಹುಡುಕಿದ ಬಗೆಯನ್ನು, ನಡುವೆ ನಾವು ಹಿಡಿದ ತಪ್ಪು ದಾರಿಗಳನ್ನೂ ಸೇರಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಮೊದಲ ಅನುಮಾನ ಹೋದದ್ದು ಕಠಿಣತೆಯ ಅಂಕಿಗಳ ಕಡೆಗೆ. ‘ಕಠಿಣ’ ಮಟ್ಟದಲ್ಲಿ ಕಂಪ್ಯೂಟರ್ ನಡೆಸುವ ಐದೂ ಸಾಮ್ರಾಜ್ಯಗಳಿಗೆ ಸಂಶೋಧನೆಯಲ್ಲಿ ಶೇ 50ರಷ್ಟು ಹೆಚ್ಚುವರಿ ಕೊಟ್ಟಿದ್ದೆವು. ಈ ಪ್ರಕಾರದ ಹೆಚ್ಚಿನ ಆಟಗಳು ಮಾಡುವುದೂ ಇದನ್ನೇ. ಕಂಪ್ಯೂಟರ್‌ನ ಬುದ್ಧಿಯನ್ನು ಹೆಚ್ಚಿಸುವುದು ಕಷ್ಟ, ಆದಾಯವನ್ನು ಹೆಚ್ಚಿಸುವುದು ಸುಲಭ. ಆದರೆ ಆ ಅಂಕಿಯನ್ನು ಎರಡು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ, ಎರಡು ತಿಂಗಳ ಹಿಂದೆ ಇಂಥ ದೂರುಗಳೂ ಇರಲಿಲ್ಲ. ಅಂಕಿ ಹಾಗೇ ಇದ್ದು ಕಠಿಣತೆ ಮಾತ್ರ ಬದಲಾಗಿದೆ ಎಂದರೆ, ಕಠಿಣತೆ ಇರುವುದು ಆ ಅಂಕಿಯಲ್ಲಿ ಮಾತ್ರ ಅಲ್ಲ ಎಂದಾಯಿತು.

ಆಗ ಎರಡೂ ಆಟಗಳ ಲಾಗ್, ಅಂದರೆ ಆಟದಲ್ಲಿ ನಡೆದದ್ದರ ದಾಖಲೆ, ತೆಗೆದು, ಪ್ರತಿಯೊಂದು ತಂತ್ರಜ್ಞಾನವೂ ಯಾರ ಕೈಗೆ ಯಾವ ದಾರಿಯಿಂದ ಬಂತು ಎಂದು ಗುರುತು ಹಾಕಿದೆವು: ಸ್ವಂತ ಪ್ರಯೋಗಾಲಯ, ವಿನಿಮಯ, ಬೇಹುಗಾರಿಕೆ, ಯುದ್ಧದಲ್ಲಿ ಗೆದ್ದ ಗ್ರಹ. ನೋಡಿ ನಾವೇ ಬೆಚ್ಚಿದೆವು. ಸೋತ ಆಟದಲ್ಲಿ ಕಂಪ್ಯೂಟರ್ ಸಾಮ್ರಾಜ್ಯಗಳು ತಾವೇ ಸಂಶೋಧಿಸಿ ಪಡೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಒಬ್ಬರಿಂದೊಬ್ಬರು ಪಡೆದಿದ್ದವು. ಗೆದ್ದ ಆಟದಲ್ಲಿ ನಮ್ಮ ಆಟಗಾರರೂ ಹಾಗೆಯೇ ಮಾಡಿದ್ದರು. ಒಂದು ತಂತ್ರಜ್ಞಾನ ಸಿಕ್ಕ ಸರದಿಯಲ್ಲೇ ಅದನ್ನು ಐದೂ ಮಂದಿಗೆ ಒಬ್ಬರಾದ ಮೇಲೊಬ್ಬರಿಗೆ ಕೊಟ್ಟು, ಬದಲಿಗೆ ಐದು ಬೇರೆ ಬೇರೆ ವಿದ್ಯೆಗಳನ್ನು ಪಡೆದು, ಹಾಗೆ ಪಡೆದದ್ದನ್ನೂ ಅದೇ ಸರದಿಯಲ್ಲಿ ಮತ್ತೆ ಮಾರಿದ್ದರು. ಅವರ ಪ್ರಯೋಗಾಲಯಗಳು ಹೆಸರಿಗಷ್ಟೇ ಇದ್ದವು. ಅವರು ದಲ್ಲಾಳಿಯಾಗಿದ್ದರು.

ಇಬ್ಬರ ನಡುವಿನ ವ್ಯತ್ಯಾಸ ಕೌಶಲದ್ದಲ್ಲ, ಜಾಗದ್ದು. ನಮ್ಮ ಆಟದಲ್ಲಿ ನೌಕೆಗಳ ಇಂಧನ ಎಲ್ಲಿಯವರೆಗೆ ಸಾಲುತ್ತದೆಯೋ ಅಲ್ಲಿಯವರೆಗಿನ ಸಾಮ್ರಾಜ್ಯಗಳೊಂದಿಗೆ ಮಾತ್ರ ಸಂಪರ್ಕ ಸಾಧ್ಯ. ಮೊದಲನೆಯವರ ತವರು ನಕ್ಷತ್ರ ನಕಾಶೆಯ ನಡುವೆ ಬಿದ್ದಿತ್ತು, 40ನೇ ಸರದಿಯೊಳಗೆ ಐವರೂ ಪರಿಚಯವಾಗಿದ್ದರು. ಎರಡನೆಯವರದು ಸುರುಳಿ ತೋಳಿನ ತುದಿಯಲ್ಲಿ, ನೀಹಾರಿಕೆಯೊಂದರ ಮರೆಯಲ್ಲಿತ್ತು. ಅವರಿಗೆ ಮೊದಲ ನೆರೆಯವರು ಕಂಡದ್ದೇ 90 ಸರದಿ ದಾಟಿದ ಮೇಲೆ. ಅಷ್ಟರಲ್ಲಿ ಉಳಿದ ಐವರು ಆಗಲೇ ಸಂತೆ ಕೂಡಿದ್ದರು.

ಸಂತೆಯ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಆಟದ ನಡುಘಟ್ಟದಲ್ಲಿ ಒಂದು ತಂತ್ರಜ್ಞಾನಕ್ಕೆ 1000 ಸಂಶೋಧನಾ ಅಂಕ ಬೇಕು, ಆಟಗಾರ ಸರದಿಗೆ 100 ಅಂಕ ಗಳಿಸುತ್ತಾರೆ ಎಂದುಕೊಳ್ಳಿ. 10 ಸರದಿಗೆ ಅವರಿಗೆ ಒಂದು ತಂತ್ರಜ್ಞಾನ. ಶೇ 50 ಹೆಚ್ಚುವರಿ ಇರುವ ಕಂಪ್ಯೂಟರ್‌ಗೆ ಅದೇ 10 ಸರದಿಯಲ್ಲಿ ಒಂದೂವರೆ. ವಿನಿಮಯವೇ ಇಲ್ಲದಿದ್ದರೆ ಅಂತರ ಇಷ್ಟೇ, ಚೆನ್ನಾಗಿ ಆಡುವವರು ತುಂಬಿಕೊಳ್ಳಬಹುದಾದ ಅಂತರ. ಈಗ ಐದು ಕಂಪ್ಯೂಟರ್‌ಗಳು ಬೇರೆ ಬೇರೆ ವಿಷಯಗಳನ್ನು ಸಂಶೋಧಿಸಿ ಎಲ್ಲವನ್ನೂ ಹಂಚಿಕೊಂಡರೆ? ಪ್ರತಿಯೊಂದಕ್ಕೂ 10 ಸರದಿಯಲ್ಲಿ ಏಳೂವರೆ ಸಿಗುತ್ತದೆ. ಸಂತೆಯ ಹೊರಗಿರುವ ಆಟಗಾರರಿಗೆ ಸಿಗುವುದು ಒಂದೇ. ಒಳಗಿರುವವರಿಗೆ ಆ ಏಳೂವರೆಯ ಜೊತೆ ತಮ್ಮದೂ ಒಂದು, ಅಂದರೆ ಎಂಟೂವರೆ. ಅವರಿಂದ ಕೊಳ್ಳುವ ಕಂಪ್ಯೂಟರ್‌ಗಳಿಗೂ ಅಷ್ಟೇ.

ಒಳಗಿದ್ದರೆ ಎಂಟೂವರೆ, ಹೊರಗಿದ್ದರೆ ಒಂದು. ನಡುವೆ ಮೆಟ್ಟಿಲೇ ಇಲ್ಲ. ನಾವು ಶೇ 50 ಎಂದು ಬರೆದ ಅಂಕಿ ಒಳಗಿನವರಿಗೆ ಅಳಿಸಿಹೋಗುತ್ತಿತ್ತು, ಹೊರಗಿನವರಿಗೆ ಏಳೂವರೆ ಪಟ್ಟಿನ ಅಂತರವಾಗುತ್ತಿತ್ತು. ಇಬ್ಬರ ದೂರೂ ನಿಜವಾಗಿತ್ತು.

ಆದರೆ ವಿನಿಮಯ ನಮ್ಮ ಆಟದಲ್ಲಿ ಮೊದಲಿನಿಂದಲೂ ಇತ್ತು. ಹಾಗಿದ್ದರೆ ಈಗೇಕೆ ಹೀಗಾಯಿತು? ಈ ಪ್ರಶ್ನೆಗೆ ಉತ್ತರ ಸಿಗಲು ಮತ್ತೊಂದು ವಾರ ಬೇಕಾಯಿತು, ಉತ್ತರ ಸಿಕ್ಕಿದ್ದು ನಾವು ಹೆಮ್ಮೆಪಟ್ಟ ಕೆಲಸವೊಂದರಲ್ಲಿ. ಎರಡು ತಿಂಗಳ ಹಿಂದೆ ಕಂಪ್ಯೂಟರ್ ಸಾಮ್ರಾಜ್ಯಗಳಿಗೆ ಸ್ವಭಾವ ಕೊಟ್ಟಿದ್ದೆವು. ಒಂದು ಯುದ್ಧಪ್ರಿಯ, ಒಂದು ವ್ಯಾಪಾರಿ, ಒಂದು ಗ್ರಹಗಳನ್ನು ಹಸನು ಮಾಡುವುದರಲ್ಲಿ ಆಸಕ್ತ, ಹೀಗೆ. ಅದಕ್ಕೆ ಮೊದಲು ಐದೂ ಒಂದೇ ಸೂತ್ರದಿಂದ ಯೋಚಿಸುತ್ತಿದ್ದವು, ಆದ್ದರಿಂದ ಐದೂ ಒಂದೇ ಹೊತ್ತಿಗೆ ಒಂದೇ ವಿದ್ಯೆಯನ್ನು ಸಂಶೋಧಿಸುತ್ತಿದ್ದವು. ಎಲ್ಲರ ಚೀಲದಲ್ಲೂ ಒಂದೇ ಸರಕು ಇದ್ದಾಗ ಸಂತೆ ಕೂಡುವುದಿಲ್ಲ. ನಮ್ಮ ಆಟದ ಸಮತೋಲವನ್ನು ಅಷ್ಟು ದಿನ ಕಾಪಾಡಿದ್ದು ಕಂಪ್ಯೂಟರ್‌ನ ದಡ್ಡತನ. ಸ್ವಭಾವ ಬಂದ ದಿನ ಐವರೂ ಐದು ದಿಕ್ಕಿಗೆ ಹೊರಟರು, ಐದು ಬಗೆಯ ಸರಕು ಬಂತು, ಸಂತೆ ಕಳೆಕಟ್ಟಿತು.

ಇದರಿಂದ ವಿನಿಮಯದ ಬಲ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯಿತು: ಒಬ್ಬರ ಬಳಿ ಇಲ್ಲದ್ದು ಇನ್ನೊಬ್ಬರ ಬಳಿ ಇರುವುದರಿಂದ. ಬಾಹ್ಯಾಕಾಶ ಆಟಗಳನ್ನು ಹಿಂದಿನಿಂದ ಆಡಿಕೊಂಡು ಬಂದವರಿಗೆ ಇದು ಅನುಭವದಿಂದ ಗೊತ್ತು. 1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಎಂಬ ಬಾಹ್ಯಾಕಾಶ ಆಟ ಬಂದಾಗ ಆಟಗಳ ಬಗ್ಗೆ ಬರೆಯುತ್ತಿದ್ದ ಅಲನ್ ಎಮ್ರಿಕ್ ಅದರ ಬಗ್ಗೆ ಬರೆಯುತ್ತಾ ಈ ಪ್ರಕಾರಕ್ಕೆ ನಾಲ್ಕು ಎಕ್ಸ್‌ಗಳ ಹೆಸರು ಕೊಟ್ಟರು, ಇಂಗ್ಲಿಷ್‌ನಲ್ಲಿ ‘ಎಕ್ಸ್’ ಎಂದು ಶುರುವಾಗುವ ನಾಲ್ಕು ಕೆಲಸಗಳಿಂದ: ಹುಡುಕುವುದು, ಹರಡುವುದು, ಬಳಸಿಕೊಳ್ಳುವುದು, ನಾಶಮಾಡುವುದು. ಆ ನಾಲ್ಕರಲ್ಲಿ ಕೊಡುಕೊಳ್ಳುವುದು ಇಲ್ಲ. ಆದರೂ 1996ರ ಎರಡನೆಯ ಭಾಗ ಕೊಡುಕೊಳ್ಳುವಿಕೆಯನ್ನು ತನ್ನ ಸಂಶೋಧನಾ ಪದ್ಧತಿಯ ಬುಡದಲ್ಲೇ ಇಟ್ಟಿತು. ಅಲ್ಲಿ ಹೆಚ್ಚಿನ ಸಂಶೋಧನಾ ಹಂತಗಳಲ್ಲಿ ಎರಡು ಮೂರು ಆಯ್ಕೆಗಳಿದ್ದು, ಸಾಮಾನ್ಯ ಜನಾಂಗಕ್ಕೆ ಸಿಗುವುದು ಒಂದೇ. ಬಿಟ್ಟದ್ದು ಬೇಕಾದರೆ ಇನ್ನೊಬ್ಬರಿಂದ ಪಡೆಯಬೇಕು, ಕದಿಯಬೇಕು, ಇಲ್ಲವೇ ಗೆದ್ದು ತರಬೇಕು. ಸಿಲಾನ್‌ಗಳಂಥ ಸೃಜನಶೀಲ ಜನಾಂಗಕ್ಕೆ ಮಾತ್ರ ಎಲ್ಲವೂ ಸಿಗುತ್ತದೆ, ಹಾಗಾಗಿ ಅವರಿಗೆ ಸಂತೆಯ ಹಂಗು ಕಡಿಮೆ. ಕೊರತೆಯನ್ನು ಹೀಗೆ ಬೇಕೆಂದೇ ನೇಯ್ದದ್ದರಿಂದ ಅಲ್ಲಿ ನೆರೆಯವರ ಜೊತೆ ಮಾತಾಡಲು ಕಾರಣವಿರುತ್ತದೆ. ನನಗೆ ಈಗಲೂ ಆ ಏರ್ಪಾಡಿನ ಮೇಲೆ ಬಹಳ ಗೌರವವಿದೆ. ನಮ್ಮಲ್ಲಿ ಕೊರತೆ ಯೋಜನೆಯಿಂದ ಬಂದದ್ದಲ್ಲ, ಸ್ವಭಾವಗಳ ಅಡ್ಡಪರಿಣಾಮವಾಗಿ ಬಂದದ್ದು.

ಬೆಲೆ ಕಟ್ಟುವ ಸೂತ್ರ ಗಾಯದ ಮೇಲೆ ಬರೆ ಎಳೆದಿತ್ತು. ನಮ್ಮ ಕಂಪ್ಯೂಟರ್‌ಗಳು ಒಂದು ವಿದ್ಯೆಯ ಬೆಲೆಯನ್ನು ಅದರ ಸಂಶೋಧನಾ ವೆಚ್ಚದಿಂದ ಮಾತ್ರ ಅಳೆಯುತ್ತಿದ್ದವು. 1000 ಅಂಕದ ಕ್ಷಿಪಣಿಗೂ 1000 ಅಂಕದ ಪ್ರಯೋಗಾಲಯಕ್ಕೂ ಒಂದೇ ಬೆಲೆ. ಕ್ಷಿಪಣಿ ಮುಂದಿನ ಕ್ಷಿಪಣಿ ಬಂದ ದಿನ ಹಳತಾಗುತ್ತದೆ. ಆದರೆ ಸಂಶೋಧನೆಯನ್ನು ಶೇ 20 ಹೆಚ್ಚಿಸುವ ಪ್ರಯೋಗಾಲಯ, ಸರದಿಗೆ 100 ಗಳಿಸುವವರಿಗೆ 20 ಅಂಕ ಹೆಚ್ಚು ತಂದು, 50 ಸರದಿಯಲ್ಲಿ ತನ್ನ ಪೂರ್ತಿ ವೆಚ್ಚವನ್ನು ಹಿಂದಿರುಗಿಸಿ ಆಮೇಲೂ ಕೊಡುತ್ತಲೇ ಇರುತ್ತದೆ. ಗೆದ್ದ ಆಟಗಾರರು ಇದನ್ನು ಬೇಗ ಕಂಡುಕೊಂಡಿದ್ದರು. ಹಳೆಯ ಕ್ಷಿಪಣಿಗಳನ್ನು ಕೊಟ್ಟು ಪ್ರಯೋಗಾಲಯಗಳನ್ನು ತರುತ್ತಿದ್ದರು. ಅವರು ಆಡಿದ್ದು ನಿಯಮದೊಳಗೇ, ತಪ್ಪು ನಮ್ಮದು.

ಮತ್ತೊಂದು ತಿರುಪು ನಮ್ಮದೇ ಕೋಡಿನಲ್ಲಿ ಅಡಗಿತ್ತು, ಅದನ್ನು ಹಾಕಿದ್ದೂ ನಾನೇ. ‘ಕಠಿಣ’ ಮಟ್ಟದಲ್ಲಿ ಕಂಪ್ಯೂಟರ್‌ಗಳಿಗೆ ಮಾನವ ಆಟಗಾರರ ಮೇಲಿನ ಒಲವನ್ನು ಆರಂಭದಲ್ಲೇ 20 ಅಂಕ ತಗ್ಗಿಸಿದ್ದೆ. ಆಗ ಅದು ಸಣ್ಣ ಉಪ್ಪಿನಕಾಳಿನಂತೆ ಕಂಡಿತ್ತು. ವಿನಿಮಯವೇ ಸರ್ವಸ್ವವಾದ ಮೇಲೆ ಅದು ಸಂತೆಯ ಬಾಗಿಲಿಗೆ ಬೀಗವಾಯಿತು. ಬೇಗ ಪರಿಚಯವಾದವರು ಉಡುಗೊರೆ ಕೊಟ್ಟು ಬೀಗ ತೆಗೆಸಿಕೊಂಡರು. 90ನೇ ಸರದಿಯಲ್ಲಿ ಬಂದವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ, ಅವರಿಗೆ ಗೊತ್ತಿದ್ದದ್ದೆಲ್ಲ ಉಳಿದವರಿಗೆ ಆಗಲೇ ಗೊತ್ತಿತ್ತು.

ಪರಿಹಾರಕ್ಕೆ ನಾವು ಮೊದಲು ಮಾಡಿದ್ದು ಎಲ್ಲರಿಗೂ ತಕ್ಷಣ ಹೊಳೆಯುವುದನ್ನೇ: ವಿನಿಮಯವನ್ನು ತೆಗೆದುಹಾಕಿದೆವು. 2010ರ ಸಿವಿಲೈಸೇಶನ್ 5 ಎಂಬ ಆಟ ಹಾಗೆಯೇ ಮಾಡಿ, ಬದಲಿಗೆ ಇಬ್ಬರು ಹಣ ಹಾಕಿ ಸಂಶೋಧನೆಗೆ ಬಲ ಪಡೆಯುವ ಸಂಶೋಧನಾ ಒಪ್ಪಂದಗಳನ್ನು ತಂದಿತ್ತು. ಕಠಿಣತೆ ಆ ದಿನವೇ ಹತೋಟಿಗೆ ಬಂತು, ಆಟ ಅದರ ಮಾರನೆಯ ದಿನದಿಂದಲೇ ಒಣಗಿತು. ಐದು ಗ್ರಹಗಳ ಪುಟ್ಟ ಸಾಮ್ರಾಜ್ಯವೊಂದು ಬಳಿಗೆ ಬಂದರೆ ಅದರೊಂದಿಗೆ ಮಾತಾಡಲು ಯಾರಿಗೂ ಕಾರಣವಿರಲಿಲ್ಲ. ಹಿಂದೆ ಅದರ ಬಳಿ ಒಂದು ಅಪರೂಪದ ವಿದ್ಯೆ ಇರಬಹುದಿತ್ತು, ಅದಕ್ಕಾಗಿ ಅದನ್ನು ಉಳಿಸಿಕೊಳ್ಳಬೇಕೆನ್ನಿಸುತ್ತಿತ್ತು. ಈಗ ಅದು ನುಂಗಬೇಕಾದ ತುತ್ತು ಮಾತ್ರ. ವಾರದೊಳಗೆ ವಿನಿಮಯವನ್ನು ಮರಳಿ ತಂದೆವು.

ಹೆಚ್ಚುವರಿಯನ್ನು ಶೇ 50ರಿಂದ 20ಕ್ಕೆ ಇಳಿಸಿಯೂ ನೋಡಿದೆವು. ಸಂತೆಯ ಹೊರಗಿನವರಿಗೆ ಅಂತರ ಏಳೂವರೆಯಿಂದ ಆರಕ್ಕೆ ಇಳಿಯಿತು, ಅಂದರೆ ಸೋಲು ಸ್ವಲ್ಪ ತಡವಾಯಿತು. ಒಳಗಿನವರಿಗೆ ಆಟ ಇನ್ನೂ ಸಪ್ಪೆಯಾಯಿತು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆವು.

ಮೂರನೆಯದು ದಲ್ಲಾಳಿತನದ ನಿಷೇಧ. ತಾನೇ ಸಂಶೋಧಿಸಿದ್ದನ್ನು ಮಾತ್ರ ಮಾರಬಹುದು, ಕೊಂಡು ತಂದದ್ದನ್ನು ಮಾರುವಂತಿಲ್ಲ. ಸಿವಿಲೈಸೇಶನ್ 4ರಲ್ಲಿ ಇಂಥದೊಂದು ಆಯ್ಕೆ 2007ರ ವಿಸ್ತರಣೆಯೊಂದಿಗೆ ಬಂದಿತ್ತು. ಇದರಿಂದ ನಕಾಶೆಯ ನಡುವೆ ಕುಳಿತು ಎಲ್ಲರಿಗೂ ಎಲ್ಲವನ್ನೂ ಮಾರುವ ಲಾಭ ಒಂದೇ ಏಟಿಗೆ ಕೊನೆಗೊಂಡಿತು. ಮೊದಲ ದೂರಿಗೆ ಇದು ಸರಿಯಾದ ಮದ್ದು. ಎರಡನೆಯದಕ್ಕೆ ಅಲ್ಲ. ಐದು ಕಂಪ್ಯೂಟರ್‌ಗಳ ನಡುವೆ ಹತ್ತು ಜೋಡಿಗಳಿವೆ. ಹತ್ತೂ ಜೋಡಿಗಳು ಪರಸ್ಪರ ಪರಿಚಿತವಾದ ಮೇಲೆ ಅವುಗಳಿಗೆ ದಲ್ಲಾಳಿಯೇ ಬೇಕಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ನೇರವಾಗಿ ಕೊಟ್ಟರೂ ಏಳೂವರೆ ಏಳೂವರೆಯಾಗಿಯೇ ಉಳಿಯುತ್ತದೆ. ಇದನ್ನು ಲೆಕ್ಕ ಹಾಕಿ ನೋಡುವವರೆಗೆ ನಮ್ಮಲ್ಲಿ ಮೂವರು ನಿಷೇಧವೊಂದೇ ಸಾಕೆಂದು ನಂಬಿದ್ದೆವು.

ಕೊನೆಗೆ ಉಳಿದದ್ದು ವಿನಿಮಯದ ಅರ್ಥವನ್ನೇ ಬದಲಿಸುವುದು. ನೆರೆಯವರು ನಮಗೆ ಕೊಡುವುದು ಸಿದ್ಧ ತಂತ್ರಜ್ಞಾನವಲ್ಲ, ನಕ್ಷೆ ಮತ್ತು ಟಿಪ್ಪಣಿ. ಅದನ್ನು ನಮ್ಮ ವಿಜ್ಞಾನಿಗಳು ಓದಿ, ನಮ್ಮ ಲೋಹಕ್ಕೆ, ನಮ್ಮ ನೌಕೆಗೆ ಹೊಂದಿಸಿಕೊಳ್ಳಬೇಕು. 2016ರ ಸ್ಟೆಲ್ಲಾರಿಸ್ ಎಂಬ ಬಾಹ್ಯಾಕಾಶ ಆಟದ ಸಂಶೋಧನಾ ಒಪ್ಪಂದ ಈ ದಿಕ್ಕಿನಲ್ಲೇ ಯೋಚಿಸುತ್ತದೆ. ಅಲ್ಲಿ ಇನ್ನೊಬ್ಬರಿಗೆ ಗೊತ್ತಿರುವುದು ನಮಗೆ ಹಾಗೇ ಬರುವುದಿಲ್ಲ, ಅದನ್ನು ಸಂಶೋಧಿಸುವ ವೇಗ ಹೆಚ್ಚುತ್ತದೆ. ನಾವು ಒಪ್ಪಂದದ ಬದಲು ಒಂದೊಂದೇ ವಿದ್ಯೆಯ ವ್ಯಾಪಾರವನ್ನು ಉಳಿಸಿಕೊಂಡು, ಕೊಂಡ ನಕ್ಷೆ ವೆಚ್ಚದ ಶೇ 40ನ್ನು ಭರಿಸುತ್ತದೆ, ಉಳಿದ ಶೇ 60ನ್ನು ಸ್ವಂತ ಪ್ರಯೋಗಾಲಯ ದುಡಿಯಬೇಕು ಎಂದು ನಿಯಮ ಮಾಡಿದೆವು.

ಶೇ 40 ಎಂಬುದು ಎಲ್ಲಿಂದ ಬಂತು ಎಂಬುದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಪರಿಹಾರದ ಜೀವ ಅಲ್ಲಿದೆ. ಕಂಪ್ಯೂಟರ್‌ಗೆ 10 ಸರದಿಯಲ್ಲಿ 1500 ಅಂಕ ಇವೆ. ಅದು ತಾನೊಂದನ್ನು ಸಂಶೋಧಿಸಿ, ಉಳಿದ ನಾಲ್ವರಿಂದ ಒಂದೊಂದು ನಕ್ಷೆ ಕೊಂಡರೆ ಐದು ವಿದ್ಯೆಗಳಿಗೆ ತಗಲುವುದು 1000 ಮತ್ತು ನಾಲ್ಕು ಬಾರಿ 600, ಒಟ್ಟು 3400. ಆದ್ದರಿಂದ 1500 ಅಂಕಕ್ಕೆ ಸಿಗುವುದು ಸುಮಾರು 2.2 ವಿದ್ಯೆಗಳು. ಸಂತೆಯ ಹೊರಗಿನ ಆಟಗಾರರಿಗೆ ಎಂದಿನಂತೆ ಒಂದು. ಒಳಗೆ ಬಂದು ಹಣವನ್ನೋ ತಮ್ಮ ವಿದ್ಯೆಯನ್ನೋ ತೆತ್ತು ಕೊಳ್ಳುವವರಿಗೆ 1000 ಅಂಕಕ್ಕೆ, ತಲಾ 600ರಂತೆ, ಸುಮಾರು 1.7. ಹೊರಗಿದ್ದರೆ ಕಂಪ್ಯೂಟರ್ 2.2 ಪಟ್ಟು ಮುಂದೆ, ಒಳಗಿದ್ದರೆ 1.3 ಪಟ್ಟು ಮುಂದೆ. ಹೊರಗಿರುವುದು ಕಷ್ಟ, ಆದರೆ ಬದುಕಬಹುದಾದ ಕಷ್ಟ. ಒಳಗಿರುವುದು ಲಾಭ, ಆದರೆ ಆಟವನ್ನು ಮುಗಿಸಿಬಿಡುವ ಲಾಭವಲ್ಲ. ಅದೇ ನಕ್ಷೆ ಶೇ 80 ಭರಿಸಿದರೆ ಕಂಪ್ಯೂಟರ್‌ಗಳಿಗೆ ನಾಲ್ಕಕ್ಕೂ ಹೆಚ್ಚು ಸಿಕ್ಕಿ ಹಳೆಯ ಕಮರಿ ಮತ್ತೆ ಬಾಯಿ ತೆರೆಯುತ್ತದೆ. ಶೇ 20 ಮಾತ್ರ ಭರಿಸಿದರೆ ಒಳಗಿನ ಆಟಗಾರರಿಗೆ 1.25 ಸಿಗುತ್ತದೆ, ಅಷ್ಟಕ್ಕಾಗಿ ಯಾರೂ ರಾಯಭಾರಿಯನ್ನು ಕಳಿಸುವುದಿಲ್ಲ.

ಈ ಲೆಕ್ಕ ಕಾಗದದ್ದು. ನಿಜವಾದ ಆಟದಲ್ಲಿ ಎರಡು ಸಾಮ್ರಾಜ್ಯಗಳು ಒಂದೇ ವಿದ್ಯೆಯ ಹಿಂದೆ ಬೀಳುತ್ತವೆ, ಯುದ್ಧ ಬಂದು ವ್ಯಾಪಾರ ನಿಲ್ಲುತ್ತದೆ, ಆದ್ದರಿಂದ ಕಂಪ್ಯೂಟರ್‌ಗಳ ಗಳಿಕೆ 2.2ನ್ನು ಮುಟ್ಟುವುದೇ ಇಲ್ಲ. ಆದರೂ ತಿರುಪುಗಳು ಯಾವ ದಿಕ್ಕಿಗೆ ಎಷ್ಟು ಎಳೆಯುತ್ತವೆ ಎಂಬುದನ್ನು ಅದು ತೋರಿಸಿತು. ದೋಷ ಹುಡುಕುವಾಗ ನೂರು ಆಟ ಆಡುವುದಕ್ಕಿಂತ ಹೀಗೆ ಒಂದು ಪುಟ ಗುಣಿಸಿ ನೋಡುವುದು ನನಗೆ ಹೆಚ್ಚು ಕಲಿಸಿತು.

ಶೇ 40ರ ನಿಯಮದ ಜೊತೆಗೆ ದಲ್ಲಾಳಿತನದ ನಿಷೇಧವನ್ನೂ ಇಟ್ಟುಕೊಂಡೆವು. 20 ಅಂಕದ ಒಲವಿನ ಕಡಿತವನ್ನು ತೆಗೆದೆವು. ಬೆಲೆಯ ಸೂತ್ರವನ್ನು ತಿದ್ದಿ, ಬೆಳವಣಿಗೆ ತರುವ ವಿದ್ಯೆಗಳಿಗೆ ಮುಂದಿನ 50 ಸರದಿಯ ಗಳಿಕೆಯನ್ನೂ ಸೇರಿಸಿದೆವು. ಎಲ್ಲ ಮಟ್ಟಗಳಲ್ಲೂ ಶೇ 40 ಒಂದೇ ಇರಲಿ, ಮಟ್ಟದೊಂದಿಗೆ ಹೆಚ್ಚುವರಿ ಮಾತ್ರ ಬದಲಾಗಲಿ ಎಂದು ಬಹಳ ಚರ್ಚೆಯ ನಂತರ ತೀರ್ಮಾನಿಸಿದೆವು. ಸುಲಭ ಮಟ್ಟದಲ್ಲಿ ಕಲಿತ ವ್ಯಾಪಾರದ ಬುದ್ಧಿ ಕಠಿಣ ಮಟ್ಟದಲ್ಲೂ ಕೆಲಸಕ್ಕೆ ಬರಬೇಕು. ಮಟ್ಟ ಆರಿಸುವ ಪರದೆಯಲ್ಲಿ ‘ಕಠಿಣ’ದ ಕೆಳಗೆ ಅದು ಏನನ್ನು ಬದಲಿಸುತ್ತದೆ ಎಂಬುದನ್ನೂ ಈಗ ಒಂದು ಸಾಲಿನಲ್ಲಿ ಬರೆದಿದ್ದೇವೆ.

ಒಂದು ಕಂಡಿ ಉಳಿದಿತ್ತು. ಅದನ್ನು ಕಂಡುಹಿಡಿದದ್ದು ಮೊದಲ ದೂರಿನ ಆಟಗಾರರೇ: ಮಿತ್ರರಿಗೆ ಉಡುಗೊರೆಯಾಗಿ ಕೊಟ್ಟ ವಿದ್ಯೆ ಪೂರ್ತಿ ಸಿದ್ಧವಾಗಿಯೇ ಹೋಗುತ್ತಿತ್ತು. ಉಡುಗೊರೆಗೂ ಅದೇ ಶೇ 60ರ ದುಡಿಮೆ ಹಾಕಿ ಅದನ್ನು ಮುಚ್ಚಿದೆವು. ಬೇಹುಗಾರಿಕೆ ಮತ್ತು ಯುದ್ಧದಲ್ಲಿ ಗೆದ್ದದ್ದನ್ನು ಮಾತ್ರ ಇಡಿಯಾಗಿಯೇ ಬಿಟ್ಟಿದ್ದೇವೆ. ಅಲ್ಲಿ ಬೇಹುಗಾರರನ್ನೋ ನೌಕೆಗಳನ್ನೋ ಕಳೆದುಕೊಂಡು ಬೆಲೆ ತೆತ್ತಿರುತ್ತಾರೆ.

ಎರಡನೆಯ ಆಟಗಾರರಿಗೆ ಅದೇ ನಕಾಶೆಯನ್ನು, ಅದೇ ಸುರುಳಿ ತೋಳಿನ ತುದಿಯನ್ನು, ಹೊಸ ಆವೃತ್ತಿಯಲ್ಲಿ ಮತ್ತೆ ಕಳಿಸಿದೆ. ಈ ಬಾರಿಯೂ ಮೊದಲ ನೆರೆಯವರು ಸಿಕ್ಕಿದ್ದು 90ರ ಆಚೆಗೇ. ಆದರೆ ಆ ಹೊತ್ತಿಗೆ ಅವರ ಬಳಿ ಬೇರೆ ಯಾರೂ ಸಂಶೋಧಿಸದ ಒಂದು ವಿದ್ಯೆ ಇನ್ನೂ ಉಳಿದಿತ್ತು, ನೀಹಾರಿಕೆಯೊಳಗೆ ನೌಕೆ ನಡೆಸುವುದು. ಅದರ ನಕ್ಷೆಯನ್ನು ಕೊಟ್ಟು ಪ್ರಯೋಗಾಲಯವೊಂದರ ನಕ್ಷೆಯನ್ನು ತಂದರು. ಆಟವನ್ನು ಅವರು ಈ ಸಲವೂ ಸೋತರು. ಬರೆದ ಪತ್ರದಲ್ಲಿ ಎಲ್ಲಿ ತಪ್ಪಿದೆ ಎಂಬ ಪ್ರಶ್ನೆ ಇರಲಿಲ್ಲ. ಆ ನಕ್ಷೆಯನ್ನು ಯುದ್ಧಪ್ರಿಯ ನೆರೆಯವರಿಗೆ ಕೊಟ್ಟದ್ದೇ ತಪ್ಪಾಯಿತು, ಅವರು ನೀಹಾರಿಕೆಯ ಮೂಲಕವೇ ತನ್ನ ತವರಿಗೆ ನುಗ್ಗಿದರು ಎಂದು ಬರೆದು, ಅದೇ ನಕಾಶೆಯಲ್ಲಿ ಮೂರನೆಯ ಸಲ ಆಡಲು ಆರಂಭದ ಫೈಲ್ ಕಳಿಸುವಂತೆ ಕೇಳಿದ್ದರು.